ಗೇಟಿನಲ್ಲಿ ತಪಾಸಣೆ: ಕಂಪನಿ ಎಲ್ಲಿಯವರೆಗೆ ನೋಡಬಹುದು, ಎಲ್ಲಿ ನಿಲ್ಲಬೇಕು

ಪೀಣ್ಯದ ಗಾರ್ಮೆಂಟ್ಸ್ ಇರಲಿ, ಬೊಮ್ಮಸಂದ್ರದ ಬಿಡಿಭಾಗದ ಕಾರ್ಖಾನೆ ಇರಲಿ, ಕೆಲಸ ಬಿಟ್ಟು ಹೊರಡುವಾಗ ಗೇಟಿನಲ್ಲಿ ಬ್ಯಾಗು, ಡಬ್ಬಿ ತೋರಿಸಿಯೇ ಹೋಗಬೇಕು. ಹಲವು ಕಡೆ ಮೈ ತಡವಿ ನೋಡುವುದೂ ಇದೆ. ಇದಕ್ಕೆಲ್ಲ ಕಾನೂನಿನ ಒಪ್ಪಿಗೆ ಇದೆಯೇ? ಬ್ಯಾಗು ನೋಡಲು ಇದೆ, ಅದಕ್ಕೊಂದು ಲಿಖಿತ ಆಧಾರ ಇರಬೇಕು. ಒಪ್ಪದವರ ಮೈಮೇಲೆ ಕೈ ಹಾಕಲು ಯಾವ ಕಂಪನಿಗೂ ಅಧಿಕಾರವಿಲ್ಲ. ತಪಾಸಣೆಗೆ ಒಪ್ಪದಿದ್ದರೆ ಕಂಪನಿ ಮೆಮೊ ಕೊಡಬಹುದು, ವಿಚಾರಣೆ ನಡೆಸಬಹುದು. ಬಲವಂತ ಮಾಡುವಂತಿಲ್ಲ. ಗೇಟಿನಲ್ಲಿ ಏಳುವ ಜಗಳಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸ ಗೊತ್ತಿಲ್ಲದೆ ಆಗುವಂಥವು.

ಮೊದಲು ಆಧಾರದ ಕಾಗದ ಹುಡುಕಿ

ತಪಾಸಣೆಯ ಅಧಿಕಾರ ಬರುವುದು ಮುಖ್ಯವಾಗಿ ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಸ್ಥಾಯಿ ಆದೇಶದಿಂದ. ಕಾರ್ಖಾನೆಯ ಕೆಲಸದ ಷರತ್ತು, ನಡತೆಯ ನಿಯಮಗಳನ್ನು ಬರೆದಿಟ್ಟು, ಕಾರ್ಮಿಕ ಇಲಾಖೆಯ ಅಧಿಕಾರಿ ಪ್ರಮಾಣೀಕರಿಸಿದ ದಾಖಲೆ ಅದು. 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯ ಅನುಸೂಚಿಯಲ್ಲಿ ಸ್ಥಾಯಿ ಆದೇಶ ಯಾವ ಯಾವ ವಿಷಯ ಹೇಳಬೇಕು ಎಂಬ ಪಟ್ಟಿ ಇತ್ತು. ಅದರ 6ನೇ ಬಾಬು ಇದು: ಗೊತ್ತುಪಡಿಸಿದ ಗೇಟಿನಿಂದಲೇ ಒಳಗೆ ಬರಬೇಕು, ತಪಾಸಣೆಗೆ ಒಳಪಡಬೇಕು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ 2020 ಬಂದಿದೆ. ಅದರ ಅನುಸೂಚಿಯಲ್ಲೂ ಇದೇ ಬಾಬು ಉಳಿದಿದೆ. ಬದಲಾಗಿರುವುದು ಮಿತಿ: ಸಂಹಿತೆಯ ಸ್ಥಾಯಿ ಆದೇಶದ ಅಧ್ಯಾಯ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಹಳೆಯ ಕಾಯ್ದೆಯಡಿ ಆಗಿದ್ದ ಆದೇಶಗಳು ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಮುಂದುವರಿಯುತ್ತವೆ.

ಹಾಗಾಗಿ ಮೊದಲ ಕೆಲಸ, ನಿಮ್ಮ ಕಾರ್ಖಾನೆಯ ಪ್ರಮಾಣೀಕೃತ ಸ್ಥಾಯಿ ಆದೇಶವನ್ನು ಓದುವುದು. ಗೇಟಿನ ಬಳಿಯ ನೋಟಿಸ್ ಬೋರ್ಡ್ ನೋಡಿ, ಇಲ್ಲದಿದ್ದರೆ ಎಚ್.ಆರ್. ಹತ್ತಿರ ಬರೆದು ಕೇಳಿ. ಕೊಡದಿದ್ದರೆ ಪ್ರಮಾಣೀಕರಿಸುವ ಅಧಿಕಾರಿಗೆ ಅರ್ಜಿ ಹಾಕಿ, ನಿಗದಿತ ಶುಲ್ಕ ಕಟ್ಟಿದರೆ ಪ್ರತಿ ಸಿಗುತ್ತದೆ. ಆ ಅಧಿಕಾರಿ ಕಾರ್ಮಿಕ ಇಲಾಖೆಯವರು. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ಯಾರ ಹತ್ತಿರ ಹೋಗಬೇಕೆಂದು ಹೇಳುತ್ತಾರೆ.

ಪ್ರತಿ ಕೈಗೆ ಬಂದಾಗ ಇಷ್ಟು ನೋಡಿ. ತಪಾಸಣೆ ಯಾವಾಗ: ಹೊರಡುವಾಗ ಮಾತ್ರವೋ, ಒಳಗೆ ಬರುವಾಗಲೂ ಇದೆಯೋ? ಎಲ್ಲರಿಗೂ ಇದೆಯೋ, ಅನುಮಾನ ಬಂದವರಿಗೆ ಮಾತ್ರವೋ? ಹೆಂಗಸರನ್ನು ಹೆಂಗಸರೇ ನೋಡಬೇಕು, ಸಾಕ್ಷಿಗಳು ಇರಬೇಕು ಎಂಬ ಷರತ್ತು ಇದೆಯೇ? ತಪಾಸಣೆಗೆ ಒಪ್ಪದಿರುವುದನ್ನು ದುರ್ನಡತೆಯ ಪಟ್ಟಿಯಲ್ಲಿ ಸೇರಿಸಿದ್ದಾರೆಯೇ? ಈ ಕೊನೆಯ ಸಾಲು ಬಹಳ ಮುಖ್ಯ. ಅದು ಇದ್ದರೆ ಬ್ಯಾಗು ತೋರಿಸುವುದಿಲ್ಲ ಎಂದು ಹಟ ಹಿಡಿಯುವುದು ನಿಮಗೇ ತೊಂದರೆ. ಇಲ್ಲದಿದ್ದರೂ 'ನ್ಯಾಯಬದ್ಧ, ಸಮಂಜಸ ಆದೇಶಕ್ಕೆ ಅವಿಧೇಯತೆ' ಎಂಬ ಹೆಸರಿನಲ್ಲಿ ಮೆಮೊ ಬರಬಹುದು. ಆಗ ವಾದ ನಿಲ್ಲುವುದು ಆ ಆದೇಶ ನಿಜವಾಗಿಯೂ ಸಮಂಜಸವಾಗಿತ್ತೇ ಎಂಬುದರ ಮೇಲೆ. ಬ್ಯಾಗು ತೆರೆಯಿರಿ ಎನ್ನುವುದು ಸಮಂಜಸ. ಸೀರೆ ಸಡಿಲಿಸಿ ಎನ್ನುವುದು ಅಲ್ಲ.

300ಕ್ಕಿಂತ ಕಡಿಮೆ ಜನರಿರುವ ಕಡೆ, ಅಂಗಡಿ, ಮಾಲ್, ಗೋದಾಮುಗಳಲ್ಲಿ ಸ್ಥಾಯಿ ಆದೇಶವೇ ಇಲ್ಲದಿರಬಹುದು. ಅಲ್ಲಿ ನೇಮಕಾತಿ ಪತ್ರದ ಷರತ್ತೇ ಆಧಾರ. ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಷರತ್ತುಗಳ ಮೇಲೆ ಸ್ಥಾಯಿ ಆದೇಶದಿಂದ ವಿನಾಯಿತಿ ಕೊಡುತ್ತಾ ಬಂದಿದೆ, ಅಲ್ಲಿಯೂ ಪತ್ರವನ್ನೇ ಓದಬೇಕು. 'ಕಂಪನಿಯ ಭದ್ರತಾ ನಿಯಮಗಳಿಗೆ ಬದ್ಧನಾಗಿರುತ್ತೇನೆ' ಎಂಬ ಒಂದು ಸಾಲಿಗೆ ಸಹಿ ಹಾಕಿದ್ದರೆ ಬ್ಯಾಗು ತೋರಿಸಲು ಒಪ್ಪಿದ್ದೀರಿ ಎನ್ನಬಹುದು. ಮೈ ಮುಟ್ಟಲು, ಬಟ್ಟೆ ತೆಗೆಸಲು ಒಪ್ಪಿದ್ದೀರಿ ಎಂದು ಅದರಿಂದ ಯಾರೂ ಎಳೆದು ತರಲಾಗದು.

ಗೇಟಿನಲ್ಲಿ ನಿಂತಾಗ

ಬ್ಯಾಗನ್ನು ನೀವೇ ತೆರೆಯಿರಿ, ವಸ್ತುಗಳನ್ನು ನೀವೇ ಮೇಜಿನ ಮೇಲೆ ಇಡಿ. ಸೆಕ್ಯುರಿಟಿಯವರು ಬ್ಯಾಗಿನೊಳಗೆ ಕೈ ಹಾಕದಂತೆ ನೋಡಿಕೊಳ್ಳುವುದು ಇಬ್ಬರಿಗೂ ಕ್ಷೇಮ: ಇಲ್ಲದ್ದನ್ನು ಒಳಗಿಟ್ಟರು ಎಂಬ ಮಾತಿಗೆ ಆಗ ಜಾಗವೇ ಇರುವುದಿಲ್ಲ. ಡಬ್ಬಿಯ ಮುಚ್ಚಳವನ್ನೂ ನೀವೇ ತೆಗೆಯಿರಿ. ಪ್ಯಾಡ್, ಮಾತ್ರೆ, ಒಳಬಟ್ಟೆ ಇರುವ ಚಿಕ್ಕ ಪೌಚ್ ಇದ್ದರೆ ಅದನ್ನು ಮಹಿಳಾ ಗಾರ್ಡ್‌ಗೆ ಮಾತ್ರ, ಬದಿಯಲ್ಲಿ ತೋರಿಸುತ್ತೇನೆ ಎಂದು ಹೇಳಬಹುದು. ಸಾಲಿನಲ್ಲಿ ನಿಂತವರೆಲ್ಲರ ಎದುರು ಅದನ್ನು ಸುರಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಹೊರಗಿನಿಂದ ತಂದ ವಸ್ತು ಒಳಗಿನ ಮಾಲಿನಂತೆ ಕಾಣುವಂಥದ್ದಾದರೆ, ಹೊಸ ಬಟ್ಟೆಯ ಪೀಸ್, ದಾರದ ಉಂಡೆ, ಚಾರ್ಜರ್, ಸ್ಪ್ಯಾನರ್, ಅದನ್ನು ಬೆಳಿಗ್ಗೆ ಒಳಗೆ ಹೋಗುವಾಗಲೇ ರಿಜಿಸ್ಟರ್‌ನಲ್ಲಿ ಬರೆಸಿ. ಕಟಿಂಗ್ ವೇಸ್ಟ್ ತೆಗೆದುಕೊಂಡು ಹೋಗಿ ಎಂದು ಸೂಪರ್‌ವೈಸರ್ ಬಾಯಲ್ಲಿ ಹೇಳಿದರೆ ಸಾಲದು, ಗೇಟ್ ಪಾಸ್ ಬರೆಸಿಕೊಳ್ಳಿ. ಒರೆಸಲು ಒಯ್ದ ಒಂದು ಚಿಂದಿಯ ಮೇಲೂ ಕಳ್ಳತನದ ಮೆಮೊ ಬರುತ್ತದೆ. ಆಗ ಹೇಳಿದ ಸೂಪರ್‌ವೈಸರ್ ಬಂದು ಸಾಕ್ಷಿ ನುಡಿಯುತ್ತಾರೆಂದು ನಂಬಿ ಕೂರಲಾಗದು.

ಮೈ ತಪಾಸಣೆ

ಇಲ್ಲಿ ಕಾನೂನು ಕಟ್ಟುನಿಟ್ಟು. ಪೊಲೀಸರಿಗೇ ಎಷ್ಟು ಬಿಗಿ ಇದೆ ಎಂಬುದನ್ನು ನೋಡಿದರೆ ಕಂಪನಿಯ ಗಾರ್ಡ್ ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ. ಬಂಧಿತ ಮಹಿಳೆಯನ್ನು ಇನ್ನೊಬ್ಬ ಮಹಿಳೆಯೇ, ಸಭ್ಯತೆಗೆ ಪೂರ್ತಿ ಗಮನ ಕೊಟ್ಟು ತಪಾಸಿಸಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 49ನೇ ಸೆಕ್ಷನ್. ಅದು ಬಂಧಿತರ ವಿಷಯ. ಎಂಟು ಗಂಟೆ ದುಡಿದು ಮನೆಗೆ ಹೊರಟವರ ವಿಷಯದಲ್ಲಿ ಖಾಸಗಿ ಗಾರ್ಡ್‌ಗೆ ಅಷ್ಟೂ ಅಧಿಕಾರವಿಲ್ಲ. ಗಾರ್ಡ್‌ಗಳನ್ನು ಕಳಿಸುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಲೈಸೆನ್ಸ್ ಇರಬೇಕು. ಆ ಲೈಸೆನ್ಸ್ ಪೊಲೀಸ್ ಅಧಿಕಾರವನ್ನೇನೂ ಕೊಡುವುದಿಲ್ಲ. ಪೊಲೀಸ್ ಸಮವಸ್ತ್ರದಂತೆ ಕಾಣುವ ಬಟ್ಟೆ ತೊಡುವುದಕ್ಕೂ ಆ ಕಾಯ್ದೆಯಲ್ಲಿ ಶಿಕ್ಷೆ ಇದೆ.

ಒಪ್ಪಿ ನಡೆಯುವ ಮೈ ತಪಾಸಣೆ ಹೀಗಿರಬೇಕು. ಹೆಂಗಸರಿಗೆ ಮಹಿಳಾ ಗಾರ್ಡ್, ಗಂಡಸರಿಗೆ ಗಂಡಸು. ಪರದೆ ಅಥವಾ ಬಾಗಿಲಿನ ಮರೆ, ಒಳಗೆ ಕ್ಯಾಮೆರಾ ಇಲ್ಲ. ನೀವು ಹೇಳಿದ ಒಬ್ಬ ಸಹೋದ್ಯೋಗಿ ಜೊತೆಗಿರಬೇಕು. ಮೇಲುಬಟ್ಟೆಯ ಮೇಲಿನಿಂದ, ಅಂಗೈ ಬದಲು ಹಿಂಗೈಯಿಂದ, ಜೇಬು ಮತ್ತು ಸೊಂಟದ ಭಾಗ ಮಾತ್ರ. ಜೇಬಿನಲ್ಲಿರುವುದನ್ನು ನೀವೇ ತೆಗೆದು ತೋರಿಸಿದರೆ ತಡವುವ ಅಗತ್ಯವೂ ಉಳಿಯುವುದಿಲ್ಲ.

ಇದನ್ನು ಮೀರಿದರೆ ಅಪರಾಧಗಳ ಸಾಲು ಶುರುವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ ಪ್ರಕಾರ ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದಿಂದ, ಅಥವಾ ಕುಂದು ಬರಬಹುದೆಂದು ಗೊತ್ತಿದ್ದೂ, ಬಲಪ್ರಯೋಗ ಮಾಡಿದರೆ 1ರಿಂದ 5 ವರ್ಷ ಸೆರೆ. ಬಟ್ಟೆ ಕಳಚಿಸುವ ಉದ್ದೇಶದಿಂದ ಬಲಪ್ರಯೋಗವಾದರೆ 76ನೇ ಸೆಕ್ಷನ್, 3ರಿಂದ 7 ವರ್ಷ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅಥವಾ ಶೌಚಾಲಯದಲ್ಲಿ ಇಣುಕಿದರೆ, ಕ್ಯಾಮೆರಾ ಇಟ್ಟರೆ 77. 'ಮೇಲಿನವರು ಹೇಳಿದರು, ಮಾಡಿದೆವು' ಎಂಬ ಮಾತು ಗಾರ್ಡ್‌ನ್ನು ಉಳಿಸುವುದಿಲ್ಲ, ಹೇಳಿದವರನ್ನೂ ಉಳಿಸುವುದಿಲ್ಲ. 2014ರ ಡಿಸೆಂಬರಿನಲ್ಲಿ ಕೊಚ್ಚಿಯ ವಿಶೇಷ ಆರ್ಥಿಕ ವಲಯದ ಕಾರ್ಖಾನೆಯೊಂದರ ಶೌಚಾಲಯದಲ್ಲಿ ಬಳಸಿದ ಪ್ಯಾಡ್ ಕಂಡಿತೆಂದು, ಅದು ಯಾರದೆಂದು ತಿಳಿಯಲು ಹೆಂಗಸರ ಬಟ್ಟೆ ತೆಗೆಸಿ ನೋಡಿದ ದೂರು ದೇಶದಾದ್ಯಂತ ಸುದ್ದಿಯಾಗಿತ್ತು. ಅಲ್ಲಿ ಕಳುವಿನ ಪ್ರಶ್ನೆ ಕೂಡ ಇರಲಿಲ್ಲ. ತಪಾಸಣೆಯ ಹೆಸರಿನಲ್ಲಿ ಅವಮಾನ ಮಾಡುವುದು ಎಷ್ಟು ಸುಲಭ ಎಂಬುದಕ್ಕೆ ಇದು ಸಾಕು.

ಮೈ ಮುಟ್ಟಲು ಬಂದಾಗ ಬಾಯಲ್ಲಿ ಹೇಳಬೇಕಾದ್ದು ಇಷ್ಟೇ: 'ಬ್ಯಾಗು, ಜೇಬು ತೋರಿಸುತ್ತೇನೆ. ಮೈ ಮುಟ್ಟಲು ನನ್ನ ಒಪ್ಪಿಗೆ ಇಲ್ಲ. ಅನುಮಾನ ಇದ್ದರೆ ಪೊಲೀಸರನ್ನು ಕರೆಸಿ.' ಜೋರು ಮಾಡದೆ, ಪಕ್ಕದವರಿಗೆ ಕೇಳುವಂತೆ ಹೇಳಿ. ತಳ್ಳಾಟಕ್ಕೆ ಇಳಿಯಬೇಡಿ. ಆಮೇಲೆ ಮೆಮೊ ಬರುವುದು ತಪಾಸಣೆಯ ವಿಷಯಕ್ಕಲ್ಲ, ಗಾರ್ಡ್ ಮೇಲೆ ಕೈ ಮಾಡಿದ್ದಕ್ಕೆ.

ಮೊಬೈಲು

ಮೊಬೈಲನ್ನು ಒಳಗೆ ತರಬಾರದು, ಗೇಟಿನ ಲಾಕರ್‌ನಲ್ಲಿ ಇಡಬೇಕು ಎಂಬ ನಿಯಮ ಮಾಡಬಹುದು. ನಿಮ್ಮ ಸ್ವಂತ ಮೊಬೈಲಿನ ಲಾಕ್ ತೆಗೆಸಿ ಗ್ಯಾಲರಿ, ವಾಟ್ಸ್ಆ್ಯಪ್ ಜಾಲಾಡುವಂತಿಲ್ಲ. ಡಿಸೈನ್ ಫೋಟೊ ತೆಗೆದಿದ್ದೀರಿ ಎಂಬ ಅನುಮಾನ ಇದ್ದರೆ ಮೊಬೈಲ್ ಆಫ್ ಮಾಡಿ ಕವರಿನಲ್ಲಿಟ್ಟು, ಇಬ್ಬರೂ ಸಹಿ ಹಾಕಿ, ಪೊಲೀಸರ ಕೈಗೆ ಕೊಡುವುದು ಸರಿಯಾದ ದಾರಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಮಾತು ಬೇರೆ, ಅದು ಕಂಪನಿಯದೇ ವಸ್ತು. ಅದರಲ್ಲಿ ಮನೆಯ ಫೋಟೊ, ಬ್ಯಾಂಕಿನ ಕಾಗದ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಏನಾದರೂ ಸಿಕ್ಕಿತು ಎಂದಾಗ

ತಪ್ಪುಗಳು ಹೆಚ್ಚು ಆಗುವುದು ಈ ಅರ್ಧ ಗಂಟೆಯಲ್ಲಿ. ಗಾಬರಿಯಾದವರು ಏನು ಕೊಟ್ಟರೂ ಸಹಿ ಹಾಕುತ್ತಾರೆ, ಆ ಸಹಿಯೇ ಮುಂದೆ ಕೆಲಸ ಕಳೆಯುತ್ತದೆ.

ಸಿಕ್ಕ ವಸ್ತು ಮೇಜಿನ ಮೇಲೇ ಇರಲಿ. ಅದು ಏನು, ಎಷ್ಟು, ಯಾವ ಲೇಬಲ್, ಎಲ್ಲಿ ಸಿಕ್ಕಿತು, ಯಾರು ನೋಡಿದರು, ಎಷ್ಟು ಹೊತ್ತಿಗೆ ಎಂಬುದನ್ನು ಎರಡು ಪ್ರತಿಯಲ್ಲಿ ಬರೆಯಲು ಹೇಳಿ. ಓದಲು ಬಾರದ ಭಾಷೆಯಲ್ಲಿದ್ದರೆ ಸಹಿ ಬೇಡ. ಕನ್ನಡದಲ್ಲಿದ್ದು, ಓದಿ, ಸಹಿ ಹಾಕಲೇಬೇಕಾಗಿ ಬಂದರೆ ಸಹಿಯ ಮೇಲೆ ನಿಮ್ಮ ಕೈಯಲ್ಲೇ ಹೀಗೆ ಬರೆಯಿರಿ: 'ಪ್ರತಿ ತಲುಪಿದೆ. ಇದರಲ್ಲಿರುವುದನ್ನು ನಾನು ಒಪ್ಪಿಲ್ಲ. ನನ್ನ ವಿವರಣೆ ಪ್ರತ್ಯೇಕ ಕೊಡುತ್ತೇನೆ.' ಖಾಲಿ ಹಾಳೆಗೆ, ತಪ್ಪೊಪ್ಪಿಗೆಗೆ, ಮುಚ್ಚಳಿಕೆಗೆ, ರಾಜೀನಾಮೆಗೆ ಸಹಿ ಹಾಕಬೇಡಿ. 'ರಾಜೀನಾಮೆ ಬರೆದುಕೊಟ್ಟರೆ ಪೊಲೀಸಿಗೆ ಹೇಳಲ್ಲ' ಎನ್ನುವುದು ಬಹಳ ಕಡೆ ಕೇಳುವ ಮಾತು. ವಿಚಾರಣೆ ಇಲ್ಲದೆ ನಿಮ್ಮನ್ನು ಹೊರಹಾಕುವ ಅಗ್ಗದ ದಾರಿ ಅದು. ಬೆದರಿಸಿ ಬರೆಸಿಕೊಂಡಿದ್ದರೆ ಮರುದಿನವೇ 'ಬೆದರಿಕೆಯಿಂದ ಬರೆಸಿಕೊಂಡದ್ದು, ಹಿಂತೆಗೆದುಕೊಂಡಿದ್ದೇನೆ' ಎಂದು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ವಾರ ಕಳೆದರೆ ಆ ಮಾತಿನ ತೂಕ ಕಡಿಮೆಯಾಗುತ್ತದೆ.

ಸೆಕ್ಯುರಿಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಹೋಗುವ ದಾರಿಗೆ ಅಡ್ಡ ನಿಂತರೆ ನ್ಯಾಯ ಸಂಹಿತೆಯ 126ನೇ ಸೆಕ್ಷನ್, ಕೂಡಿಹಾಕಿದರೆ 127. ಖಾಸಗಿ ವ್ಯಕ್ತಿ ಇನ್ನೊಬ್ಬರನ್ನು ಹಿಡಿದಿಡಬಹುದಾದ ಸಂದರ್ಭವೊಂದಿದೆ, ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್: ಸಂಜ್ಞೇಯವೂ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಜಾಮೀನುರಹಿತವೂ ಆದ ಅಪರಾಧ ತನ್ನ ಕಣ್ಣೆದುರು ನಡೆದಿರಬೇಕು, ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ನೌಕರನೇ ಮಾಲೀಕನ ವಸ್ತು ಕದ್ದರೆ ನ್ಯಾಯ ಸಂಹಿತೆಯ 306ನೇ ಸೆಕ್ಷನ್, 7 ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ಹಾಗಾಗಿ ಕದಿಯುವುದನ್ನು ಕಂಡವರು ಹಿಡಿದು ಪೊಲೀಸರನ್ನು ಕರೆಯಬಹುದು. ಬರೀ ಅನುಮಾನದ ಮೇಲೆ, ತಪಾಸಣೆಗೆ ಒಪ್ಪಲಿಲ್ಲವೆಂದು, ರಾತ್ರಿಯವರೆಗೆ ಕೂರಿಸಿಕೊಳ್ಳಲು ಇದು ಆಧಾರವಾಗದು. ಕೂಡಿಹಾಕಿದ್ದಾರೆ ಅನ್ನಿಸಿದ ಕೂಡಲೇ 112ಕ್ಕೆ ಕರೆ ಮಾಡಿ, ಅಥವಾ ಹೊರಗಿರುವವರಿಂದ ಮಾಡಿಸಿ.

ಅಮಾನತು ಆದರೆ ವಿಚಾರಣೆ ಮುಗಿಯುವವರೆಗೆ ಜೀವನಾಧಾರ ಭತ್ಯೆ ಸಿಗಬೇಕು: ಮೊದಲ 90 ದಿನ ವೇತನದ ಶೇ. 50, ಅದರಾಚೆಗೆ ನಿಮ್ಮ ಕಡೆಯಿಂದ ವಿಳಂಬವಾಗಿರದಿದ್ದರೆ ಶೇ. 75. ಇನ್ನು ಕಳೆದುಹೋದ ಮಾಲಿನ ಬೆಲೆಯನ್ನು ಇಡೀ ಲೈನಿನ ಸಂಬಳದಲ್ಲಿ ಹಂಚಿ ಮುರಿಯುವುದುಂಟು. ಅದು ಕಾನೂನುಬಾಹಿರ. ನಿಮ್ಮ ವಶಕ್ಕೆಂದೇ ಒಪ್ಪಿಸಿದ ವಸ್ತು, ನಿಮ್ಮದೇ ನಿರ್ಲಕ್ಷ್ಯದಿಂದ ಹೋಗಿದ್ದರೆ, ನಿಮ್ಮ ವಿವರಣೆ ಕೇಳಿದ ಮೇಲೆ ಮಾತ್ರ ಕಡಿತ.

ದೂರು ಎಲ್ಲಿ, ಯಾವಾಗ

ಅದೇ ರಾತ್ರಿ ದಿನಾಂಕ, ಹೊತ್ತು, ಗೇಟಿನ ಸಂಖ್ಯೆ, ಗಾರ್ಡ್‌ನ ಬ್ಯಾಡ್ಜಿನ ಹೆಸರು, ಹಿಂದೆ ಮುಂದೆ ನಿಂತಿದ್ದವರ ಹೆಸರು ಬರೆದಿಡಿ. ಸಿಸಿಟಿವಿ ದೃಶ್ಯದ ಮೇಲೆ ಕೆಲವೇ ದಿನಗಳಲ್ಲಿ ಹೊಸ ದೃಶ್ಯ ಬರೆದುಹೋಗುತ್ತದೆ. ಆದ್ದರಿಂದ ಮೊದಲ ಪತ್ರ ಮರುದಿನವೇ ಹೋಗಬೇಕು. ಇಷ್ಟು ಸಾಕು:

'ದಿನಾಂಕ ___ ಸಂಜೆ ___ ಗಂಟೆಗೆ ___ ನೇ ಗೇಟಿನಲ್ಲಿ ನನ್ನನ್ನು ತಪಾಸಣೆ ಮಾಡಲಾಯಿತು. ಬ್ಯಾಗು ತೋರಿಸಲು ಒಪ್ಪಿದ್ದೆ. ನನ್ನ ಒಪ್ಪಿಗೆ ಇಲ್ಲದೆ ___ ಮಾಡಿದರು. ಹಾಜರಿದ್ದವರು ___. ಸಂಜೆ 5ರಿಂದ 7ರವರೆಗಿನ ಸಿಸಿಟಿವಿ ದೃಶ್ಯ ಮತ್ತು ತಪಾಸಣಾ ರಿಜಿಸ್ಟರಿನ ಆ ದಿನದ ಪುಟವನ್ನು ಅಳಿಸದೆ ಕಾಯ್ದಿರಿಸಬೇಕು, ನನಗೆ ಲಿಖಿತ ಉತ್ತರ ಕೊಡಬೇಕು ಎಂದು ಕೋರುತ್ತೇನೆ.'

ಮುಟ್ಟಿದ ರೀತಿ, ಆಡಿದ ಮಾತು ಲೈಂಗಿಕ ಸ್ವರೂಪದ್ದಾಗಿದ್ದರೆ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ದೂರು ಕೊಡಿ. 10 ಅಥವಾ ಹೆಚ್ಚು ಜನ ಇರುವಲ್ಲೆಲ್ಲ ಈ ಸಮಿತಿ ಇರಲೇಬೇಕು. ಗಡುವು 3 ತಿಂಗಳು, ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಗಾರ್ಡ್ ಏಜೆನ್ಸಿಯವರು, ನಮ್ಮವರಲ್ಲ ಎಂದು ಕಂಪನಿ ಕೈತೊಳೆದುಕೊಳ್ಳುವಂತಿಲ್ಲ. ಕೆಲಸದ ಜಾಗಕ್ಕೆ ಬರುವ ಮೂರನೆಯವರಿಂದಲೂ ರಕ್ಷಿಸುವುದು ಮಾಲೀಕರ ಹೊಣೆ ಎಂದು ಕಾಯ್ದೆಯೇ ಹೇಳುತ್ತದೆ. ಉಳಿದ ದೂರುಗಳಿಗೆ, 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಘಟನೆಯಾದ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು.

ಪೊಲೀಸ್ ದೂರಿಗೆ ಇವು ಯಾವುವೂ ಅಡ್ಡಿಯಲ್ಲ, ಎರಡೂ ಒಟ್ಟಿಗೆ ನಡೆಯಬಹುದು. ಸಂಜ್ಞೇಯ ಅಪರಾಧವಾದರೆ ಯಾವ ಠಾಣೆಯಲ್ಲಿ ಬೇಕಾದರೂ ಎಫ್‌ಐಆರ್ ದಾಖಲಿಸಬಹುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಬೆಂಗಳೂರಿನಲ್ಲಾದರೆ ಡಿಸಿಪಿಗೆ ಬರೆದು ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ.

ಗೇಟು ನಡೆಸುವವರಿಗೆ

ಎಲ್ಲರನ್ನೂ ದಿನವೂ ನೋಡುತ್ತೇವೆ ಎಂಬ ನಿಯಮ ಲೆಕ್ಕದಲ್ಲೇ ಸೋಲುತ್ತದೆ. 500 ಜನ, ಒಬ್ಬರಿಗೆ 10 ಸೆಕೆಂಡು, ಒಂದೇ ಸಾಲು ಎಂದರೆ 83 ನಿಮಿಷ. ಐದು ಸಾಲು ಮಾಡಿದರೂ 17 ನಿಮಿಷ. 10 ಸೆಕೆಂಡಿನಲ್ಲಿ ಬ್ಯಾಗು ಸರಿಯಾಗಿ ನೋಡಲು ಆಗುವುದಿಲ್ಲ, ಗಾರ್ಡ್ ಅವಸರದಲ್ಲಿ ಕೈ ಹಾಕುತ್ತಾರೆ, ಬಸ್ ತಪ್ಪುವವರು ಕೂಗುತ್ತಾರೆ. ಅದರ ಬದಲು ಹತ್ತರಲ್ಲಿ ಒಬ್ಬರನ್ನು ಆರಿಸಿ 30 ಸೆಕೆಂಡು ಸಮಾಧಾನವಾಗಿ ನೋಡಿ: 50 ಜನಕ್ಕೆ ಎರಡು ಮೇಜಿನಲ್ಲಿ ಹದಿಮೂರು ನಿಮಿಷ, ಉಳಿದ 450 ಜನ ನೇರ ಮನೆಗೆ. ಆಯ್ಕೆಯನ್ನು ಗಾರ್ಡ್‌ಗಾಗಲಿ ಸೂಪರ್‌ವೈಸರ್‌ಗಾಗಲಿ ಬಿಡಬೇಡಿ. ಚೀಲದಲ್ಲಿ 90 ಬಿಳಿ, 10 ಕೆಂಪು ಬಿಲ್ಲೆ ಹಾಕಿ, ಪ್ರತಿಯೊಬ್ಬರೂ ಒಂದು ಎತ್ತಿ ನೋಡಿ ಮತ್ತೆ ಒಳಗೇ ಹಾಕಲಿ. ಕೆಂಪು ಬಂದವರು ಮೇಜಿಗೆ. ಯೂನಿಯನ್ ಸೇರಿದವರನ್ನೇ, ಬೇರೆ ರಾಜ್ಯದ ಹುಡುಗಿಯರನ್ನೇ ನಿಲ್ಲಿಸುತ್ತಾರೆ ಎಂಬ ದೂರು ಇದರಿಂದ ನಿಲ್ಲುತ್ತದೆ. ಮ್ಯಾನೇಜರ್‌ಗಳೂ ಇದೇ ಸಾಲಿನಲ್ಲಿ ಬಿಲ್ಲೆ ಎತ್ತಬೇಕು.

ಪಂಚಿಂಗ್ ಯಂತ್ರವನ್ನು ತಪಾಸಣೆಯ ಮೇಜಿನ ಆಚೆ ಇಡಿ. ಕಂಪನಿಯ ಕೆಲಸಕ್ಕಾಗಿ ನಿಂತ ಹೊತ್ತು ಕಾರ್ಮಿಕರ ಸ್ವಂತ ಹೊತ್ತಿನಿಂದ ಹೋಗಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಯಂತ್ರ ಆಚೆ ಇದ್ದರೆ ಸಾಲು ಉದ್ದವಾದ ದಿನ ಅದು ದಾಖಲೆಯಲ್ಲೇ ಕಾಣುತ್ತದೆ. ಮಹಿಳಾ ಗಾರ್ಡ್ ರಜೆ ಹಾಕಿದ ದಿನ ಹೆಂಗಸರ ಮೈ ತಪಾಸಣೆ ಇಲ್ಲವೇ ಇಲ್ಲ.

ಮನೆಗೆಲಸದವರು

ಇವರಿಗೆ ಸ್ಥಾಯಿ ಆದೇಶವೂ ಇಲ್ಲ, ಬಹುಪಾಲು ನೇಮಕಾತಿ ಪತ್ರವೂ ಇಲ್ಲ. ಅಪಾರ್ಟ್‌ಮೆಂಟಿನ ಸಂಘ ಅವರ ಮಾಲೀಕರೂ ಅಲ್ಲ. ಗೇಟಿನಲ್ಲಿ ಬ್ಯಾಗು ನೋಡುವುದು ಅವರ ಒಪ್ಪಿಗೆಯ ಮೇಲೆ ಮಾತ್ರ, ಮೈ ತಪಾಸಣೆ ಕೂಡದು. ಮನೆಯವರು ಹಳೆಯ ಸೀರೆ, ಉಳಿದ ಅಡುಗೆ, ಹಳೆಯ ಮಿಕ್ಸಿ ಕೊಟ್ಟಾಗ ಗೇಟಿಗೆ ಅಲ್ಲೇ ಒಂದು ಮೆಸೇಜ್ ಹಾಕಬೇಕು. ಇದನ್ನು ಮರೆತ ಮನೆಯೊಡತಿಯಿಂದ ಕೆಲಸದಾಕೆ ಗೇಟಿನಲ್ಲಿ ಕಳ್ಳಿಯಂತೆ ನಿಲ್ಲಬೇಕಾಗುತ್ತದೆ. ಒಡವೆ ಕಾಣೆಯಾದಾಗ ಮನೆಯವರು ಆಕೆಯ ಮನೆಗೆ ಹೋಗಿ ಪೆಟ್ಟಿಗೆ ಜಾಲಾಡುವಂತಿಲ್ಲ. ಆ ಕೆಲಸ ಪೊಲೀಸರದು. ಅವರೂ ಇಬ್ಬರು ಸ್ವತಂತ್ರ ಸಾಕ್ಷಿಗಳನ್ನು ಇಟ್ಟುಕೊಂಡು, ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ವಿಡಿಯೊ ಮಾಡಿ ಮಹಜರು ಬರೆಯಬೇಕು. ಸೂರ್ಯ ಮುಳುಗಿದ ಮೇಲೆ ಬೆಳಗಾಗುವವರೆಗೆ, ಅಸಾಧಾರಣ ಸಂದರ್ಭ ಬಿಟ್ಟು, ಮಹಿಳೆಯನ್ನು ಬಂಧಿಸುವಂತಿಲ್ಲ. ಲೈಂಗಿಕ ಕಿರುಕುಳದ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ. ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಇದು ಉಚಿತ, ಆದಾಯ ಎಷ್ಟೆಂದು ನೋಡುವುದಿಲ್ಲ.